ತೊಟ್ಟಿಲಂತೆ ತೂಗುವ ಉಳಿ: ಹಳೆಯ ಸಾಧನದ ಗುರುತು ಅಲಗಿನ ಗೀರುಗಳಲ್ಲಿ

ಗಿಡ್ಡನೆಯ ಮರದ ಹಿಡಿ, ಅದರ ತುದಿಗೆ ಅಗಲವಾದ ಉಕ್ಕಿನ ಅಲಗು. ಅಲಗಿನ ಕೆಳಅಂಚು ಕಮಾನಿನಂತೆ ಬಾಗಿದೆ. ಯುರೋಪಿನ ಹಳೆಯ ಉಪಕರಣಗಳ ನಡುವೆ ಕಾಣಸಿಗುವ ಈ ಸಾಧನವನ್ನು ಸೊಪ್ಪು ಹೆಚ್ಚುವ ಕತ್ತಿ ಎಂದೋ, ಚರ್ಮ ಕೊಯ್ಯುವ ರಂಪಿಗೆ ಎಂದೋ ಭಾವಿಸುವುದು ಸುಲಭ. ವಾಸ್ತವದಲ್ಲಿ ಇದು ಕತ್ತರಿಸುವ ಸಾಧನವೇ ಅಲ್ಲ. ‘ಮೆಜೊಟಿಂಟ್’ ಎಂಬ ಚಿತ್ರಮುದ್ರಣ ಕಲೆಯಲ್ಲಿ ತಾಮ್ರದ ತಗಡನ್ನು ಹದಗೊಳಿಸಲು ಬಳಸುವ ‘ರಾಕರ್’ ಇದು. ಫ್ರೆಂಚ್ ಭಾಷೆಯಲ್ಲಿ ಇದರ ಹೆಸರು ‘ಬೆರ್ಸೋ’, ಅಂದರೆ ತೊಟ್ಟಿಲು.

ಕೆಲಸದ ಬಗೆ

ಹೆಸರೇ ಇದರ ಬಳಕೆಯನ್ನು ಸೂಚಿಸುತ್ತದೆ. ಹಿಡಿಯನ್ನು ನೆಟ್ಟಗೆ ಹಿಡಿದು, ಅಲಗನ್ನು ತಗಡಿನ ಮೇಲೆ ಅತ್ತಿತ್ತ ತೂಗುತ್ತ ಮುಂದೆ ಸಾಗಬೇಕು. ಅಂಚಿನ ಸೂಕ್ಷ್ಮ ಹಲ್ಲುಗಳು ತಾಮ್ರವನ್ನು ಚುಚ್ಚಿ, ಪ್ರತಿ ಕುಳಿಯ ಪಕ್ಕದಲ್ಲಿ ಲೋಹದ ಕಿರುಮುಳ್ಳನ್ನು ಎಬ್ಬಿಸುತ್ತವೆ. ಉದ್ದ, ಅಡ್ಡ, ಓರೆ ಹೀಗೆ ಹಲವು ದಿಕ್ಕುಗಳಲ್ಲಿ ಇದನ್ನೇ ಪುನರಾವರ್ತಿಸಿದಾಗ ಇಡೀ ತಗಡು ಒರಟಾಗುತ್ತದೆ. ದೊಡ್ಡ ತಗಡಾದರೆ ಈ ಒಂದು ಕೆಲಸಕ್ಕೇ ದಿನಗಟ್ಟಲೆ ಬೇಕು.

ಆ ಹಂತದಲ್ಲಿ ಶಾಯಿ ಹಚ್ಚಿ ಮುದ್ರಿಸಿದರೆ ಮಖಮಲ್ಲಿನಂಥ ಗಾಢ ಕಪ್ಪು ಮೂಡುತ್ತದೆ. ಬಳಿಕ ಕಲಾವಿದನು ಬೆಳಕು ಬೇಕಾದೆಡೆ ಮುಳ್ಳುಗಳನ್ನು ಹೆರೆದು, ಉಜ್ಜಿ ನುಣುಪಾಗಿಸುತ್ತಾನೆ. ನುಣುಪಾದಷ್ಟೂ ಶಾಯಿ ಕಡಿಮೆ ನಿಲ್ಲುತ್ತದೆ. ಸಾಮಾನ್ಯ ಕೆತ್ತನೆಯಲ್ಲಿ ಬಿಳಿಯ ಮೇಲೆ ಕಪ್ಪು ಗೆರೆ ಎಳೆದರೆ, ಇಲ್ಲಿ ಕಪ್ಪಿನೊಳಗಿಂದ ಬೆಳಕನ್ನು ಹೊರತೆಗೆಯಲಾಗುತ್ತದೆ.

ಹಿನ್ನೆಲೆ

ಈ ಕಲೆಯ ಮೊದಲ ಕೃತಿ 1642ರದು. ಜರ್ಮನಿಯ ಲುಡ್ವಿಗ್ ಫಾನ್ ಜೀಗನ್ ರಚಿಸಿದ, ಹೆಸ್-ಕಾಸೆಲ್ ಪ್ರಾಂತ್ಯದ ಅಮೇಲಿ ಎಲಿಜಬೆತ್ ಅವರ ಭಾವಚಿತ್ರವದು. ಆತ ಬಳಸಿದ್ದು ಹಲ್ಲಿನ ಪುಟ್ಟ ಚಕ್ರವನ್ನು. ತರುವಾಯ ಬಂದ ರಾಕರಿನ ಶ್ರೇಯಸ್ಸನ್ನು ಪ್ರಿನ್ಸ್ ರೂಪರ್ಟ್ ಹಾಗೂ ಡಚ್ ಕಲಾವಿದ ಅಬ್ರಹಾಂ ಬ್ಲೂಟೆಲಿಂಗ್ ಅವರಿಗೆ ನೀಡುವುದುಂಟು. 18ನೇ ಶತಮಾನದಲ್ಲಿ ಇಂಗ್ಲೆಂಡಿನ ವರ್ಣಚಿತ್ರಗಳ ಪ್ರತಿಗಳು ಈ ವಿಧಾನದಲ್ಲಿ ವ್ಯಾಪಕವಾಗಿ ಅಚ್ಚಾದುದರಿಂದ, ಇದಕ್ಕೆ ‘ಇಂಗ್ಲಿಷ್ ಶೈಲಿ’ ಎಂಬ ಹೆಸರೇ ಬಂತು. ತಾಮ್ರದ ಮುಳ್ಳುಗಳು ಬೇಗ ಸವೆಯುತ್ತಿದ್ದ ಕಾರಣ 1820ರ ದಶಕದಲ್ಲಿ ಥಾಮಸ್ ಲಪ್ಟನ್ ಉಕ್ಕಿನ ತಗಡನ್ನು ಬಳಕೆಗೆ ತಂದರು. ಛಾಯಾಚಿತ್ರದ ಯುಗದಲ್ಲಿ ಈ ಕಲೆ ಹಿನ್ನೆಲೆಗೆ ಸರಿಯಿತಾದರೂ, 20ನೇ ಶತಮಾನದಲ್ಲಿ ಎಂ.ಸಿ. ಎಷರ್, ಜಪಾನಿನ ಯೋಜೊ ಹಮಾಗುಚಿ ಮುಂತಾದವರ ಕೈಯಲ್ಲಿ ಮತ್ತೆ ಜೀವ ಪಡೆಯಿತು.

ಗುರುತಿಸುವುದು ಹೇಗೆ?

* ಅಲಗಿನ ಒಂದು ಮೈಯಲ್ಲಿ ಬಾಚಣಿಗೆಯಂತೆ ಒತ್ತೊತ್ತಾದ ಸಮಾನಾಂತರ ಗೀರುಗಳಿರುತ್ತವೆ. ಇದೇ ಮುಖ್ಯ ಗುರುತು.
* ಹಿಂಬದಿ ಇಳಿಜಾರಾಗಿರುತ್ತದೆ. ಇಳಿಜಾರು ಗೀರುಗಳನ್ನು ಸಂಧಿಸುವ ಅಂಚಿನಲ್ಲಿ ಹಲ್ಲುಗಳು ಮೂಡುತ್ತವೆ.
* ಕೆಲವು ಅಲಗುಗಳ ಮೇಲೆ ಸಂಖ್ಯೆ ಒತ್ತಿರುತ್ತದೆ. ಅದು ಒಂದು ಅಂಗುಲಕ್ಕೆ ಎಷ್ಟು ಹಲ್ಲು ಎಂಬುದರ ಸೂಚಕ. 45ರಿಂದ 100ರವರೆಗಿನ ಸಂಖ್ಯೆ ಸಾಮಾನ್ಯ.
* ಮೆದು ಮೇಣದ ಮೇಲೆ ತೂಗಿದರೆ ಸಮಾನ ಅಂತರದ ಚುಕ್ಕಿಗಳ ಸಾಲು ಮೂಡುತ್ತದೆ. ಸೊಪ್ಪಿನ ಕತ್ತಿಯಾದರೆ ಒಂದೇ ಗೆರೆ.

ಎಚ್ಚರಿಕೆ ಅಗತ್ಯ

ಮೊಂಡಾದ ಕತ್ತಿಯೆಂದು ತಿಳಿದು ಸಾಣೆ ಹಿಡಿಸುವುದೇ ಇಂಥ ಸಾಧನಕ್ಕೆ ಒದಗುವ ದೊಡ್ಡ ಅಪಾಯ. ರಾಕರನ್ನು ಹರಿತಗೊಳಿಸುವುದು ಹಿಂಬದಿಯ ಇಳಿಜಾರಿನಲ್ಲಿ ಮಾತ್ರ. ಗೀರುಗಳಿರುವ ಮೈಯನ್ನು ಉಜ್ಜಿದರೆ ಹಲ್ಲುಗಳು ನಾಶವಾಗುತ್ತವೆ. ಆಗ ಸಾಧನ ಕೆಲಸಕ್ಕೆ ಬಾರದಂತಾಗುವುದಲ್ಲದೆ, ಅದು ಏನೆಂದು ಹೇಳಬಲ್ಲ ಏಕೈಕ ಸಾಕ್ಷ್ಯವೂ ಅಳಿಸಿಹೋಗುತ್ತದೆ. ತುಕ್ಕು ಕಂಡರೂ ಉಪ್ಪುಕಾಗದ ಮುಟ್ಟದೆ, ತೆಳುವಾಗಿ ಎಣ್ಣೆ ಸವರಿ ಮೆದು ಬಟ್ಟೆಯಿಂದ ಒರೆಸಿ, ಮೊದಲು ಭೂತಗನ್ನಡಿಯಲ್ಲಿ ಅಲಗಿನ ಎರಡೂ ಮೈಗಳನ್ನು ಪರಿಶೀಲಿಸುವುದು ಒಳಿತು.