ಹಿರಿಯರಿಗೆ ಹೊಂದಿಕೊಳ್ಳುವ ಸ್ಮಾರ್ಟ್ ಮನೆ

ದೀಪ, ಫ್ಯಾನ್, ಒಲೆ, ಬಾಗಿಲುಗಳಿಗೆ ಸೆನ್ಸರ್ ಅಳವಡಿಸಿ, ಪರದೆ ಅಥವಾ ಧ್ವನಿಯ ಮೂಲಕ ನಿಯಂತ್ರಿಸುವ ವ್ಯವಸ್ಥೆಯೇ ಸ್ಮಾರ್ಟ್ ಹೋಮ್. ಮನುಷ್ಯನಿಗೂ ಯಂತ್ರಕ್ಕೂ ನಡುವೆ ವ್ಯವಹಾರ ಕುದುರಿಸುವ ಭಾಗಕ್ಕೆ ಇಂಟರ್‌ಫೇಸ್ ಎನ್ನುತ್ತಾರೆ. ಬಳಸುವವರ ದೃಷ್ಟಿ, ಶ್ರವಣ, ನೆನಪಿನ ಶಕ್ತಿಗೆ ತಕ್ಕಂತೆ ಬದಲಾಗುವುದು ‘ಅಡಾಪ್ಟಿವ್’ ಇಂಟರ್‌ಫೇಸ್. ಒಂಟಿಯಾಗಿ ಬಾಳುವ ವೃದ್ಧರ ಪಾಲಿಗೆ ಇದು ಕೇವಲ ಅನುಕೂಲದ ಮಾತಲ್ಲ, ಪ್ರಾಣದ ಪ್ರಶ್ನೆಯೂ ಹೌದು.

ಜಪಾನಿನ ಪಾಠ

1996ರಲ್ಲಿ ಟೋಕಿಯೊದ ಇಕೆಬುಕುರೊದಲ್ಲಿ ವೃದ್ಧ ತಾಯಿ ಮತ್ತು ರೋಗಪೀಡಿತ ಮಗ ಮನೆಯೊಳಗೇ ಮೃತಪಟ್ಟರು. ದಿನಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಈ ದುರಂತದ ಪ್ರೇರಣೆಯಿಂದ ಜೊಜಿರುಶಿ ಕಂಪೆನಿ 2001ರಲ್ಲಿ ‘ಐ-ಪಾಟ್’ ಎಂಬ, ನೀರು ಕಾಯಿಸುವ ವಿದ್ಯುತ್ ಪಾತ್ರೆಯನ್ನು ಹೊರತಂದಿತು. ಹಿರಿಯರು ಚಹಾಕ್ಕೆ ನೀರು ಬಗ್ಗಿಸಿಕೊಂಡ ಮಾಹಿತಿ ದೂರದಲ್ಲಿರುವ ಮಕ್ಕಳಿಗೆ ಇ-ಮೇಲ್ ಮೂಲಕ ತಲುಪುವಂತೆ ಅದನ್ನು ರೂಪಿಸಲಾಗಿತ್ತು. ಹಿರಿಯರು ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ.

ಅದೇ ವರ್ಷ ಅಮೆರಿಕದ ಜಾರ್ಜಿಯಾ ಟೆಕ್‌ನ ಎಲಿಜಬೆತ್ ಮೈನಟ್ ಮತ್ತು ಸಂಗಡಿಗರು ‘ಡಿಜಿಟಲ್ ಫ್ಯಾಮಿಲಿ ಪೋರ್ಟ್ರೇಟ್’ ಪರಿಕಲ್ಪನೆ ಮಂಡಿಸಿದರು. ಹಿರಿಯರ ಭಾವಚಿತ್ರದ ಚೌಕಟ್ಟಿನ ಚಿಹ್ನೆಗಳೇ ಅವರ ದಿನನಿತ್ಯದ ಚಟುವಟಿಕೆಯನ್ನು ಕುಟುಂಬಕ್ಕೆ ಸೂಚಿಸುತ್ತಿದ್ದವು.

ವಿನ್ಯಾಸದ ಮುಖ್ಯ ಅಂಶಗಳು

ದೃಷ್ಟಿ: ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ, ನೀಲಿ ಛಾಯೆಗಳನ್ನು ಗುರುತಿಸುವುದು ಕಷ್ಟವಾಗುತ್ತದೆ. ಆದ್ದರಿಂದ ಬಣ್ಣವೊಂದನ್ನೇ ನೆಚ್ಚದೆ ಅಕ್ಷರ, ಚಿತ್ರಗಳನ್ನೂ ಬಳಸಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಪ್ರಮಾಣದ ವ್ಯತ್ಯಾಸವಿರಬೇಕೆಂಬುದು ಅಂತರರಾಷ್ಟ್ರೀಯ ವೆಬ್ ಮಾರ್ಗಸೂಚಿ.

ಶ್ರವಣ: ಮೊದಲು ಕುಂದುವುದು ತೀಕ್ಷ್ಣ ಸ್ವರ ಕೇಳುವ ಶಕ್ತಿ. ಮಲಗಿದವರನ್ನು ಎಬ್ಬಿಸಲು 3100 ಹರ್ಟ್ಸ್‌ನ ಕೀರಲು ಸದ್ದಿಗಿಂತ 520 ಹರ್ಟ್ಸ್‌ನ ತಗ್ಗು ಸದ್ದು ಹೆಚ್ಚು ಪರಿಣಾಮಕಾರಿ.

ಸ್ಪರ್ಶ: ಒಣಗಿದ ಬೆರಳನ್ನು ಟಚ್‌ಸ್ಕ್ರೀನ್ ಕೆಲವೊಮ್ಮೆ ಗುರುತಿಸುವುದಿಲ್ಲ. ಕೈ ನಡುಗುವವರಿಗೆ ದೊಡ್ಡ ಗುಂಡಿ, ನಡುವೆ ಸಾಕಷ್ಟು ಅಂತರ ಬೇಕು.

ನೆನಪು: ಯಂತ್ರ ತಾನೇ ಕಲಿತು ಗುಂಡಿಗಳ ಸ್ಥಾನ ಬದಲಿಸಿದರೆ, ಕೈಗೆ ರೂಢಿಯಾದದ್ದು ತಪ್ಪಿಹೋಗುತ್ತದೆ. ಅಕ್ಷರದ ಗಾತ್ರ, ಧ್ವನಿಯ ಪ್ರಮಾಣ ಬದಲಾಗಲಿ, ಜಾಗ ಬದಲಾಗಬಾರದು. ಯಾವುದೇ ಬದಲಾವಣೆಯನ್ನು ಹಿರಿಯರು ಒಂದೇ ಒತ್ತಿನಲ್ಲಿ ರದ್ದುಪಡಿಸುವಂತಿರಬೇಕು. ಇಂಟರ್ನೆಟ್ ಕೈಕೊಟ್ಟಾಗಲೂ ಗೋಡೆಯ ಸ್ವಿಚ್ ಕೆಲಸ ಮಾಡಬೇಕು.

ಕಾವಲೋ, ಕಾಳಜಿಯೋ?

ಬಿದ್ದವರನ್ನು ಗುರುತಿಸುವ ಸೆನ್ಸರ್, ಅವರು ರಾತ್ರಿ ಎಷ್ಟು ಬಾರಿ ಎದ್ದರೆಂಬುದನ್ನೂ ದಾಖಲಿಸಬಲ್ಲದು. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಗೆ ಪ್ರಾಧಾನ್ಯ ನೀಡಿದೆ. ಸಾಧನ ಕೊಳ್ಳುವವರು ಮಕ್ಕಳಾದರೂ ಬದುಕು ಹೆತ್ತವರದು. ಯಾವ ಮಾಹಿತಿ, ಯಾರಿಗೆ, ಎಷ್ಟು ಹೊತ್ತಿಗೆ ಹೋಗಬೇಕೆಂಬುದನ್ನು ಅಳವಡಿಕೆಗೆ ಮೊದಲೇ ಅವರನ್ನು ಕೇಳಿ ನಿರ್ಧರಿಸುವುದು ವಿನ್ಯಾಸದ ಮೊದಲ ಹೆಜ್ಜೆ.