ನಕ್ಷೆ ಬರೆದ ಮೇಲೆ ನಮ್ಮನ್ನು ಕೇಳಿದರು

ಇಲ್ಲಿ ಬರೆಯದೆ ತಿಂಗಳ ಮೇಲಾಯಿತು. ಕೆಲಸ, ಮಳೆ, ಸೋಮಾರಿತನ... ಕಾರಣ ಯಾವುದು ಬೇಕಾದರೂ ಆರಿಸಿಕೊಳ್ಳಿ :)

ಕಳೆದ ಭಾನುವಾರ ಊರಿಗೆ ಹೋಗಿದ್ದೆ. ಪಾಲುಪಟ್ಟಿಗೆ ಒಂದು ಹಳೆಯ ಕಾಗದ ಬೇಕಿತ್ತು. ಹುಡುಕಲೆಂದು ಅಟ್ಟದಿಂದ ಅಜ್ಜನ ಟ್ರಂಕು ಇಳಿಸಿದೆ. ಕಾಗದ ಸಿಕ್ಕಿತು. ಜತೆಗೆ ಮೂರು ದಿನ ತಲೆ ಕೊರೆಯುವಷ್ಟು ಇತಿಹಾಸವೂ ಸಿಕ್ಕಿತು. ಆ ಕೊರೆತವನ್ನು ಈಗ ನಿಮಗೆ ದಾಟಿಸುತ್ತಿದ್ದೇನೆ.

ಅಪ್ಪನ ಮನೆ ಕಾರ್ಕಳ ತಾಲೂಕಿನಲ್ಲಿ, ಘಟ್ಟದ ಬುಡದಲ್ಲಿ. ಅಮ್ಮನ ತವರು ಕಾಪು ಕಡೆ, ಎಲ್ಲೂರಿಗೆ ಹತ್ತಿರ. ನಾನಿರುವುದು ಮಣಿಪಾಲದ ಪಕ್ಕ ಬಾಡಿಗೆ ಮನೆಯಲ್ಲಿ. ಈ ಮೂರು ಕಡೆಯೂ ನನ್ನ ಕಾಲದಲ್ಲೇ "ಈ ಜಾಗದಲ್ಲಿ ಏನು ಇರಬೇಕು, ಏನು ಇರಬಾರದು" ಎಂಬ ತಕರಾರು ಎದ್ದಿದೆ. ಮೂರು ಕಡೆಯೂ ಊರವರನ್ನು ಕೇಳಿದ್ದಾರೆ, ಇಲ್ಲವೆನ್ನಲಾಗದು. ಆದರೆ ಯಾವಾಗ ಕೇಳಿದರು, ಯಾವ ಭಾಷೆಯಲ್ಲಿ ಕೇಳಿದರು ಎಂಬುದೇ ಕತೆ.

ಟ್ರಂಕಿನಲ್ಲಿ ಸಿಕ್ಕಿದ್ದು ಭೂ ನ್ಯಾಯಮಂಡಳಿಯ ಆದೇಶದ ಪ್ರತಿ. ನಮ್ಮ ಕಡೆ ಇದಕ್ಕೆ "ಡಿಕ್ಲರೇಶನ್‌ನಲ್ಲಿ ಆದ ಜಾಗ" ಎನ್ನುತ್ತಾರೆ. ಅವಿಭಜಿತ ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಜಿಲ್ಲೆಯ ಗದ್ದೆಗಳಲ್ಲಿ ಬಹುಪಾಲು ಗೇಣಿಗೆ ಕೊಟ್ಟವು. ಮೂಲಗೇಣಿಯವರಿಗೆ ಒಕ್ಕಲು ಶಾಶ್ವತ. ಚಾಲಗೇಣಿಯವರದ್ದು ಧಣಿಗಳ ಮರ್ಜಿ. ಅಜ್ಜ ಚಾಲಗೇಣಿಯವರು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಅಳೆದು ಕೊಟ್ಟ ಮೇಲೆ ಮನೆಯಲ್ಲಿ ಉಳಿಯುತ್ತಿದ್ದದ್ದು ಗಂಜಿಗೆ ಸಾಲುತ್ತಿರಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದರು. 

ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಯ ಜಾಗ ಸರಕಾರದ್ದಾಯಿತು. ಉಳುವವನು ಫಾರಂ 7ರಲ್ಲಿ ಅರ್ಜಿ ಕೊಟ್ಟು ತನ್ನದೆಂದು ಸಾಬೀತು ಮಾಡಬೇಕು. ಅರ್ಜಿಗೆ ಕೊನೆಯ ಗಡುವು ಎಂದು ನಿಂತದ್ದು 1979ರ ಜೂನ್ 30. ನ್ಯಾಯಮಂಡಳಿಯ ಅಧ್ಯಕ್ಷರು ಸಹಾಯಕ ಕಮಿಷನರು, ಜತೆಗೆ ಸರಕಾರ ನೇಮಿಸಿದ ಸದಸ್ಯರು. ನನಗೆ ಬಹಳ ಹಿಡಿಸಿದ ಸಂಗತಿಯೆಂದರೆ, ಅಲ್ಲಿಗೆ ವಕೀಲರಿಗೆ ಪ್ರವೇಶ ಇರಲಿಲ್ಲ! ಕಾಯಿದೆಯ 48ನೇ ಕಲಮಿನಲ್ಲೇ ಹಾಗೆ ಬರೆದಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ಉಪಕಲಮನ್ನು ರದ್ದು ಮಾಡಿತು. ಅಷ್ಟರಲ್ಲಿ ನಮ್ಮಜ್ಜನ ಕೇಸು ಮುಗಿದಿತ್ತು.

ಅಜ್ಜ ಇಂಗ್ಲಿಷು ಹೋಗಲಿ, ಕನ್ನಡವನ್ನೂ ಸರಿಯಾಗಿ ಓದುತ್ತಿರಲಿಲ್ಲ. "ಈ ಗದ್ದೆ ಉಳುವುದು ಯಾರು, ಯಾವಾಗಿನಿಂದ, ನೆರೆಯ ಗದ್ದೆ ಯಾರದ್ದು" ಅಂತ ಕೇಳಿದರಂತೆ. ಅಜ್ಜ ತುಳುವಿನಲ್ಲಿ ಹೇಳಿದರಂತೆ. ನೆರೆಯವರಿಬ್ಬರು ಹೌದು ಎಂದರಂತೆ. ನಮ್ಮ ಮನೆಗೆ ನೆಲ ಬಂದದ್ದು ಹಾಗೆ. ಎಲ್ಲ ಕಡೆ ಹೀಗೇ ಆಯಿತೆನ್ನುವುದಿಲ್ಲ. ಎರಡೇ ಎಕರೆ ಗೇಣಿಗೆ ಕೊಟ್ಟು ಅದರಲ್ಲೇ ಬದುಕುತ್ತಿದ್ದ ವಿಧವೆಯರು ನೆಲ ಕಳೆದುಕೊಂಡದ್ದೂ ಉಂಟು, ಸುಳ್ಳು ಸಾಕ್ಷಿಯ ಕತೆಗಳೂ ಬೇಕಾದಷ್ಟಿವೆ. ಆದರೆ ಸರಕಾರ ಮೊದಲು ಪ್ರಶ್ನೆ ಕೇಳಿ ಆಮೇಲೆ ಕಾಗದ ಬರೆದ ಒಂದು ಸಂದರ್ಭ ಅಂತ ನನಗೆ ಗೊತ್ತಿರುವುದು ಅದೊಂದೇ.

ಈಗ ಅಮ್ಮನ ತವರಿಗೆ ಬರೋಣ.

ತೊಂಬತ್ತರ ದಶಕದಲ್ಲಿ ಕೇಂದ್ರ ಸರಕಾರ ಖಾಸಗಿ ವಿದ್ಯುತ್ತಿಗೆ ಬಾಗಿಲು ತೆರೆದು ಎಂಟು ಯೋಜನೆಗಳನ್ನು ತುರ್ತು ಪಟ್ಟಿಗೆ ಹಾಕಿತು. ಅದರಲ್ಲೊಂದು ಅಮೆರಿಕದ ಕೊಜೆಂಟ್ರಿಕ್ಸ್ ಕಂಪೆನಿಯ 1000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ, ಜಾಗ ನಂದಿಕೂರು. ನಾನಾಗ ಹೈಸ್ಕೂಲು. ಮಾವನ ಮನೆಗೆ ರಜೆಯಲ್ಲಿ ಹೋದರೆ ಜಗಲಿಯಲ್ಲಿ ಅದೇ ಮಾತು. ಊರವರ ವಿರೋಧ, ಪರಿಸರದವರ ವಿರೋಧ, ಕೋರ್ಟು ಕಚೇರಿ ಎಲ್ಲ ಆಗಿ 1999ರ ಡಿಸೆಂಬರಿನಲ್ಲಿ ಕೊಜೆಂಟ್ರಿಕ್ಸ್ ಯೋಜನೆ ಕೈಬಿಟ್ಟಿತು. "ಗೆದ್ದೆವು ಮಾರಾಯ" ಅಂದಿದ್ದರು ಮಾವ.

ಗೆದ್ದದ್ದು ಅರ್ಧ ಮಾತ್ರ. ಪಕ್ಕದಲ್ಲೇ ನಾಗಾರ್ಜುನ ಕಂಪೆನಿಯ 1015 ಮೆಗಾವಾಟಿನ ಇನ್ನೊಂದು ಯೋಜನೆ ಇತ್ತು. ಅದಕ್ಕೆ ಕೇಂದ್ರದ ಪರಿಸರ ಅನುಮತಿ ಸಿಕ್ಕಿದ್ದು 1997ರ ಮಾರ್ಚಿನಲ್ಲಿ. ಈ ತಿಂಗಳನ್ನು ನೆನಪಿಡಿ. ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ವರದಿ ಬೇಕು ಎಂಬ ಅಧಿಸೂಚನೆ 1994ರದ್ದು. ಆದರೆ ಊರವರನ್ನು ಕೂರಿಸಿ ಕೇಳುವ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಾದದ್ದು 1997ರ ಏಪ್ರಿಲ್ 10ರಂದು. ಕೆಲವೇ ವಾರಗಳ ಅಂತರ! ಉಡುಪಿ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ ಆಗಸ್ಟಿನಲ್ಲಿ. ಅಂದರೆ ಆ ಸ್ಥಾವರಕ್ಕೆ ಅನುಮತಿ ಸಿಕ್ಕಾಗ ಕೇಳಲೇಬೇಕೆಂಬ ಕಾನೂನೂ ಇರಲಿಲ್ಲ, ಹೋಗಿ ಹೇಳಿಕೊಳ್ಳಲು ಉಡುಪಿಯಲ್ಲೊಬ್ಬ ಜಿಲ್ಲಾಧಿಕಾರಿಯೂ ಇರಲಿಲ್ಲ.

ಜಾಗ ತೆಗೆದುಕೊಳ್ಳುವ ಕ್ರಮವನ್ನೂ ಒಮ್ಮೆ ನೋಡಿ. ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ 1966ರದ್ದು. ಅದರ 28(1)ರಲ್ಲಿ ಮೊದಲ ಅಧಿಸೂಚನೆ, ಆಮೇಲೆ ಜಾಗದವರಿಗೆ ನೋಟಿಸು, ಆಕ್ಷೇಪಣೆ, ವಿಚಾರಣೆ, ಕಡೆಗೆ 28(4)ರಲ್ಲಿ ಅಂತಿಮ ಅಧಿಸೂಚನೆ. ಸರ್ವೆ ನಂಬರು ಮೊದಲೇ ಪಟ್ಟಿಯಲ್ಲಿ ಇರುತ್ತದೆ. ಊರವರಿಗೆ ಉಳಿಯುವುದು ಒಂದೇ ಕೆಲಸ, "ಬೇಡ" ಅನ್ನುವುದು. "ಇಲ್ಲಿ ಬೇಡ, ಅಲ್ಲಾದರೆ ಆದೀತು" ಎನ್ನಲು, "ಸ್ಥಾವರ ಬರಲಿ, ಆದರೆ ಬೂದಿ ಎಲ್ಲಿ ಹಾಕುತ್ತೀರಿ" ಎಂದು ಕೇಳಲು ಆ ಫಾರಮಿನಲ್ಲಿ ಜಾಗವೇ ಇಲ್ಲ. ನಮ್ಮೂರಿನವರು ಯಾವಾಗಲೂ ವಿರೋಧ ಮಾಡುತ್ತಾರೆ ಎಂದು ಬೈಯುವವರನ್ನು ಕಂಡಿದ್ದೇನೆ. ಬೇರೆ ಏನು ಮಾಡಲು ಬಿಟ್ಟಿದ್ದೀರಿ ಸ್ವಾಮೀ?

ಸ್ಥಾವರ ಕಡೆಗೂ ಎದ್ದಿತು. ಕೈ ಬದಲಾಯಿಸಿ 1200 ಮೆಗಾವಾಟಿನ ಉಡುಪಿ ಪವರ್ ಆಯಿತು. ಮೊದಲ ಘಟಕ 2010ರಲ್ಲಿ, ಎರಡನೆಯದು 2012ರಲ್ಲಿ ಶುರು. 2015ರಲ್ಲಿ ಲ್ಯಾಂಕೋದಿಂದ ಅದಾನಿಯವರ ಕೈಗೆ ಹೋಯಿತು. ಬೂದಿ ಹಾರುತ್ತದೆ, ಬಾವಿಯ ನೀರು ಉಪ್ಪಾಯಿತು, ಮಲ್ಲಿಗೆ ಮೊಗ್ಗು ಕರಟುತ್ತದೆ ಎಂದು ಸುತ್ತಲಿನವರ ದೂರು. ಮಲ್ಲಿಗೆ ಅಂದರೆ ಹೊರಗಿನವರಿಗೆ ನಗು ಬರಬಹುದು. ಶಂಕರಪುರ, ಶಿರ್ವ, ಬೆಳಪು ಕಡೆ ನಾಲ್ಕು ಸೆಂಟ್ಸು ಅಂಗಳದ ಮಲ್ಲಿಗೆ ಗಿಡದಿಂದ ಮಕ್ಕಳನ್ನು ಓದಿಸಿದ ಮನೆಗಳಿವೆ. ನನ್ನ ಅತ್ತೆಯದ್ದೂ ಒಂದು. 

ನಂದಿಕೂರಿನ ಜನಜಾಗೃತಿ ಸಮಿತಿ ಪಟ್ಟು ಬಿಡದೆ ಹೋರಾಡಿತು. ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2019ರಲ್ಲಿ 5 ಕೋಟಿ ರೂಪಾಯಿ ಮಧ್ಯಂತರ ಪರಿಹಾರ ಕಟ್ಟಲು ಆದೇಶ ಬಂತು. 2022ರ ಮೇಯಲ್ಲಿ ಮಂಡಳಿ ಪರಿಸರ ಪರಿಹಾರವನ್ನು 52 ಕೋಟಿ ರೂಪಾಯಿಗೂ ಮೇಲೆ ನಿಗದಿ ಮಾಡಿತು. ಅನುಮತಿ ಕೊಟ್ಟು ಇಪ್ಪತ್ತೈದು ವರ್ಷ! ಮಾವ ಅದನ್ನು ನೋಡಲು ಇರಲಿಲ್ಲ. 

ನೆರೆಯ ಮಂಗಳೂರಿನಲ್ಲಿ ಬೇರೆಯೂ ಆಗಿದೆ ಎನ್ನಿ. 2011ರಲ್ಲಿ ವಿಶೇಷ ಆರ್ಥಿಕ ವಲಯಕ್ಕೆಂದು ಗುರುತಿಸಿದ್ದ 2,035 ಎಕರೆಯನ್ನು ಸರಕಾರ ಸ್ವಾಧೀನದಿಂದ ಕೈಬಿಟ್ಟಿತು. ರೈತರ ಬೆನ್ನಿಗೆ ಪೇಜಾವರದ ವಿಶ್ವೇಶತೀರ್ಥ ಸ್ವಾಮಿಗಳು ನಿಂತಿದ್ದರು. ಸಂತೋಷವೇ. ಆದರೆ ಗದ್ದೆ ಉಳಿಸಿಕೊಳ್ಳಲು ಸ್ವಾಮಿಗಳೇ ಬೀದಿಗೆ ಬರಬೇಕಾದರೆ ಅದು ಯೋಜನೆಯಲ್ಲಿ ಪಾಲ್ಗೊಂಡಂತೆ ಅಲ್ಲವಲ್ಲ.

ಇನ್ನು ಅಪ್ಪನ ಊರು. ಇಲ್ಲಿ ತಪ್ಪು ನನ್ನದೂ ಇದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ ವರದಿ ಕೊಟ್ಟದ್ದು 2011ರ ಆಗಸ್ಟಿನಲ್ಲಿ. ಘಟ್ಟವನ್ನು ಮೂರು ವಲಯ ಮಾಡಿದ್ದರು. ಆ ಗೆರೆಗಳು ಅಂತಿಮವಲ್ಲ, ಗ್ರಾಮಸಭೆಗಳಿಗೆ ಕೊಟ್ಟು ಅವರ ಅಭಿಪ್ರಾಯದಿಂದ ತೀರ್ಮಾನಿಸಿ ಎಂದೂ ಹೇಳಿದ್ದರು. ಗೋವಾದಲ್ಲಿ ಪ್ರಾದೇಶಿಕ ಯೋಜನೆ 2021 ಮಾಡುವಾಗ ನಕ್ಷೆಗಳನ್ನು ಊರೂರಿಗೆ ಕಳಿಸಿ ಕೇಳಿದ್ದ ಉದಾಹರಣೆ ಅವರ ಮುಂದಿತ್ತು. ಆ ಭಾಗ ನಮ್ಮಲ್ಲಿ ಯಾರ ಕಿವಿಗೂ ಬೀಳಲಿಲ್ಲ. ಆಮೇಲೆ ಬಂದದ್ದು ಕಸ್ತೂರಿರಂಗನ್ ವರದಿ, 2013ರ ಏಪ್ರಿಲ್. ಇವರದ್ದು ಉಪಗ್ರಹದ ಲೆಕ್ಕ. ಒಂದು ಗ್ರಾಮದ ಶೇಕಡಾ 20ರಷ್ಟೋ ಹೆಚ್ಚೋ ನೆಲ ಸೂಕ್ಷ್ಮ ಎಂದು ಕಂಡರೆ ಇಡೀ ಗ್ರಾಮ ಪಟ್ಟಿಗೆ. ಕರ್ನಾಟಕದ್ದು 1,576 ಗ್ರಾಮ, 20,668 ಚದರ ಕಿಲೋಮೀಟರು. ಕಾರ್ಕಳ ಕಡೆಯ ಮಾಳ, ನೂರಾಲ್ಬೆಟ್ಟು, ನಾಡ್ಪಾಲಿನಂಥ ಊರುಗಳು ಅದರಲ್ಲಿದ್ದವು. 

ಮೇಲಿನಿಂದ ನೋಡಿದರೆ ಅಡಿಕೆ ತೋಟವೂ ಹಸಿರೇ, ಕಾಡೂ ಹಸಿರೇ, ರಬ್ಬರೂ ಹಸಿರೇ. ಕುಮ್ಕಿಯಂತೂ ನಮ್ಮ ಕರಾವಳಿಯದ್ದೇ ವಿಶೇಷ. ವರ್ಗ ಜಾಗದ ಸುತ್ತ ನೂರು ಗಜದ ಸರಕಾರಿ ನೆಲದಲ್ಲಿ ಸೊಪ್ಪು, ಸೌದೆ, ದನ ಮೇಯಿಸುವ ಹಕ್ಕು. ಅದು ಉಪಗ್ರಹಕ್ಕೆ ಹೇಗೆ ಕಾಣಬೇಕು? ಕುದುರೆಮುಖ ರಾಷ್ಟ್ರೀಯ ಉದ್ಯಾನ ಆದಾಗ ತಾವು ಗೆರೆಯ ಒಳಗೋ ಹೊರಗೋ ಎಂದು ತಿಳಿಯದೆ ಒದ್ದಾಡಿದ ನೆನಪು ಊರಲ್ಲಿ ಮಾಸಿರಲಿಲ್ಲ. ಹಾಗಾಗಿ ಹೊಸ ಗೆರೆ ಅಂದರೆ ಹೆದರಿಕೆ. 

ಕರಡು ಅಧಿಸೂಚನೆ 2014ರ ಮಾರ್ಚ್ 10ರಂದು ಬಂತು. ಆಕ್ಷೇಪಣೆಗೆ 60 ದಿನ. ಕೇಂದ್ರದ ಗೆಜೆಟು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಊರಲ್ಲಿ ಸಭೆ ಆಯಿತು. ತೋಟಕ್ಕೆ ಗೊಬ್ಬರ ಹಾಕುವಂತಿಲ್ಲವಂತೆ, ಮನೆಗೆ ಹೆಂಚು ಹೊದೆಸಲು ಅನುಮತಿ ಬೇಕಂತೆ, ಕಡೆಗೆ ಎಲ್ಲರನ್ನೂ ಎಬ್ಬಿಸುತ್ತಾರಂತೆ... ಎಲ್ಲ ಅಂತೆಗಳು. ಹೆಚ್ಚು ಜೋರಾಗಿ ಮಾತಾಡಿದವರಲ್ಲಿ ಕಲ್ಲಿನ ಕೋರೆ ಇದ್ದವರೂ ಇದ್ದರು. ಅದನ್ನು ನಾನು ಗಮನಿಸಿದ್ದು ಆಮೇಲೆ. ಒಂದು ಹಾಳೆ ಕೈಯಿಂದ ಕೈಗೆ ಬಂತು. ನಾನು ಸಹಿ ಹಾಕಿದೆ. ಮಣಿಪಾಲದಲ್ಲಿ ಕಂಪ್ಯೂಟರ್ ಮುಂದೆ ಕೂತು ಸಂಬಳ ತೆಗೆದುಕೊಳ್ಳುವ, ಇಂಗ್ಲಿಷು ಓದಲು ಬರುವ ನಾನು ಆ ಅಧಿಸೂಚನೆಯ ಒಂದು ಸಾಲನ್ನೂ ಓದದೆ ಸಹಿ ಹಾಕಿದೆ. "ನೀನು ಓದಿದವ, ಸರಿಯಾಗಿಯೇ ಇರಬಹುದು" ಅಂತ ನನ್ನ ಸಹಿ ನೋಡಿ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದರು. ಅದು ಇವತ್ತಿಗೂ ಚುಚ್ಚುತ್ತದೆ.

ಆಮೇಲೆ ಓದಿದೆ. ಗಣಿ, ಕಲ್ಲು ಕೋರೆ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ಪಟ್ಟಿಯ ಹೊಸ ಕೈಗಾರಿಕೆ, 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ. ನಿಷೇಧದ ಪಟ್ಟಿಯಲ್ಲಿದ್ದದ್ದು ಇಂಥವು. ಅಡಿಕೆ ಇರಲಿಲ್ಲ, ಹೆಂಚು ಇರಲಿಲ್ಲ. ಕಲ್ಲಿದ್ದಲು ಸ್ಥಾವರ ಬೇಡವೆಂದು ಅಮ್ಮನ ಊರಿನವರು ಎರಡು ದಶಕ ಬಡಿದಾಡಿದ್ದರು; ಅದನ್ನೇ ನಿಷೇಧಿಸುವ ಕಾಗದವನ್ನು ಅಪ್ಪನ ಊರಿನಲ್ಲಿ ನಾವು ಬೇಡವೆಂದಿದ್ದೆವು! 

ಹಾಗಂತ ಊರವರ ಹೆದರಿಕೆ ಸುಳ್ಳೇ? ಅಲ್ಲ. ಇಡೀ ಗ್ರಾಮವನ್ನು ಒಂದೇ ಬಣ್ಣ ಬಳಿದದ್ದು ತಪ್ಪೇ. ನಾಳೆ ಇನ್ನೊಂದು ನಿಯಮ ಸೇರಿಸುವುದಿಲ್ಲ ಎಂಬ ಭರವಸೆ ಯಾರೂ ಕೊಡಲಿಲ್ಲ. ಕರಡು ಮತ್ತೆ ಮತ್ತೆ ಬಂತು. ಆರನೆಯದು ಬಂದದ್ದು 2024ರಲ್ಲಿ, ವಯನಾಡಿನ ಭೂಕುಸಿತದ ಬೆನ್ನಿಗೇ. ಆ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸುವ ತೀರ್ಮಾನ ಮಾಡಿತು. ಈ ಸಲ ಸಹಿಗೆ ಮೊದಲು ನಾನೊಂದು ಕೆಲಸ ಮಾಡಿದೆ. ಕರಡಿನ ಮುಖ್ಯ ಅಂಶಗಳನ್ನು ಎರಡು ಹಾಳೆ ಕನ್ನಡದಲ್ಲಿ ಬರೆದು ಜೆರಾಕ್ಸ್ ತೆಗೆಸಿ ಕೊಂಡೊಯ್ದೆ. ದೊಡ್ಡಪ್ಪನ ಚಾವಡಿಯಲ್ಲಿ ಏಳೆಂಟು ಜನ ಕೂತು ಓದಿಸಿಕೊಂಡರು. ಊರವರ ಮನಸ್ಸು ಬದಲಾಯಿತೆಂದು ಹೇಳಲಾರೆ. ಆದರೆ ಮಾತು ಬದಲಾಯಿತು. "ಕೋರೆ ನಿಲ್ಲಲಿ, ಆ ಧೂಳು ಸಾಕು" ಅಂದರು ಒಬ್ಬರು. "ತೋಟದ ಸರ್ವೆ ನಂಬರು ಬಿಟ್ಟು ಗುಡ್ಡೆ ಮಾತ್ರ ಹಾಕಲಿ" ಅಂದರು ಇನ್ನೊಬ್ಬರು. ದೊಡ್ಡಪ್ಪ ಮಾತ್ರ, "ಇಷ್ಟೇ ಆದರೆ ಅವತ್ತೇ ಯಾಕೆ ಹೇಳಲಿಲ್ಲ ನೀನು?" ಎಂದರು. ಉತ್ತರ ಇರಲಿಲ್ಲ.

ಭಾಷೆಯ ಮಾತು ನಾನೊಬ್ಬನೇ ಆಡುತ್ತಿರುವುದಲ್ಲ. 2020ರಲ್ಲಿ ಪರಿಸರ ಪರಿಣಾಮದ ಹೊಸ ಕರಡು ಬಂದಾಗ ಅದನ್ನು ಎಂಟನೇ ಪರಿಚ್ಛೇದದ ಎಲ್ಲ ಭಾಷೆಗಳಿಗೂ ತರ್ಜುಮೆ ಮಾಡಿ ಎಂದು ದಿಲ್ಲಿ ಹೈಕೋರ್ಟು ಜೂನಿನಲ್ಲಿ ಹೇಳಿತು. ಸ್ಥಳೀಯ ಭಾಷೆಯಲ್ಲಿ ಸಾಕಷ್ಟು ಪ್ರಚಾರ ಆಗಿಲ್ಲವೆಂಬ ಅರ್ಜಿಯ ಮೇಲೆ ನಮ್ಮ ಹೈಕೋರ್ಟು ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. 2006ರ ಅಧಿಸೂಚನೆಯಲ್ಲೇ ಯೋಜನಾ ವರದಿಯ ಸಾರಾಂಶ ಊರಿನ ಭಾಷೆಯಲ್ಲಿರಬೇಕು, ಅಹವಾಲು ಸಭೆಯ ಕಡೆಗೆ ನಡಾವಳಿಯನ್ನು ಊರಿನ ಭಾಷೆಯಲ್ಲಿ ಓದಿ ಹೇಳಬೇಕು ಎಂದಿದೆ. ಒಳ್ಳೆಯದೇ. ಅದೇ ಅಧಿಸೂಚನೆಯಲ್ಲಿ ಇನ್ನೊಂದು ಸಾಲಿದೆ: ಈ ಸಭೆಗೆ ಕೋರಂ ಬೇಕಿಲ್ಲ! ಒಬ್ಬರೂ ಬಾರದಿದ್ದರೂ ಕೇಳಿದಂತೆಯೇ ಲೆಕ್ಕ.

ಮಣಿಪಾಲದ ಸುತ್ತಮುತ್ತ ಇಂಥ ದೊಡ್ಡ ಹೋರಾಟ ಇಲ್ಲ. ಡಾ. ಟಿ.ಎಂ.ಎ. ಪೈಗಳು 1953ರಲ್ಲಿ ಬೋಳು ಗುಡ್ಡೆಯ ಮೇಲೆ ಮೆಡಿಕಲ್ ಕಾಲೇಜು ಶುರು ಮಾಡಿದಾಗ ಯಾವ ಬಣ್ಣದ ನಕ್ಷೆಯೂ ಇದ್ದಿರಲಿಕ್ಕಿಲ್ಲ. ಈಗ ಐದು ಸೆಂಟ್ಸಿನಲ್ಲಿ ಮನೆ ಕಟ್ಟುವವನಿಗೂ ಕನ್ವರ್ಶನ್, ಏಕ ವಿನ್ಯಾಸ ನಕ್ಷೆ, ಪಂಚಾಯತಿನ ನೈನ್ ಇಲೆವನ್ ಬೇಕು. "ನಿಮ್ಮದು ಗ್ರೀನ್ ಝೋನಿನಲ್ಲಿ ಬಿದ್ದಿದೆ" ಅಂತ ಒಂದು ಕಚೇರಿಯಲ್ಲಿ ನನಗೂ ಹೇಳಿದರು. ಯಾರು ಬೀಳಿಸಿದ್ದು ಎಂದು ಕೇಳಿದೆ. ನಕ್ಷೆ ಪ್ರಕಟವಾದಾಗ ನೀವು ಆಕ್ಷೇಪಣೆ ಕೊಡಬೇಕಿತ್ತು ಎಂದರು. ಪ್ರಕಟವಾದದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಓದುತ್ತಿದ್ದೆನೇ? ಅದೂ ಗೊತ್ತಿಲ್ಲ.

ಅಜ್ಜನ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮತ್ತೆ ಟ್ರಂಕಿನಲ್ಲಿಟ್ಟೆ. ಆ ಎರಡು ಹಾಳೆ ಕನ್ನಡದ ಜೆರಾಕ್ಸನ್ನೂ ಅದರ ಜತೆ ಇಟ್ಟಿದ್ದೇನೆ. 

ನೀವೆಲ್ಲ ಕನ್ನಡದಲ್ಲಿ ಬರೆಯುವವರು. ಸಿನಿಮಾ, ಕವನ, ಪ್ರವಾಸ ಎಲ್ಲ ಬರೆಯಿರಿ, ನಾನೂ ಓದುತ್ತೇನೆ. ವರ್ಷಕ್ಕೊಮ್ಮೆ ನಿಮ್ಮೂರಿನ ಹೆಸರಿರುವ ಒಂದು ಅಧಿಸೂಚನೆಯನ್ನೂ ಹುಡುಕಿ, ನಾಲ್ಕು ಸಾಲು ಕನ್ನಡದಲ್ಲಿ ಬರೆದು ಹಾಕಿ. ಗಡುವು ಮುಗಿಯುವ ಮೊದಲು. ನಿಮ್ಮೂರಲ್ಲಿ ಹೇಗೆ ಕೇಳಿದರು, ಕೇಳಿದರೋ ಇಲ್ಲವೋ, ಅದನ್ನೂ ಹೇಳಿ.