ಬಾನು ಮುಷ್ತಾಕ್

ಬಾನು ಮುಷ್ತಾಕ್ (ಜನನ 1948, ಹಾಸನ) ಕನ್ನಡದ ಕತೆಗಾರ್ತಿ, ವಕೀಲೆ, ಸಾಮಾಜಿಕ ಹೋರಾಟಗಾರ್ತಿ. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಘೋಷಣೆಯಾಯಿತು. ಕನ್ನಡ ಕೃತಿಯೊಂದು ಈ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಸಣ್ಣಕತೆಗಳ ಸಂಕಲನಕ್ಕೆ ಇದು ಸಂದದ್ದೂ ಅದೇ ಮೊದಲು. ಇದನ್ನು ದಿಢೀರನೆ ಒದಗಿದ ಅದೃಷ್ಟವೆಂದು ಕಂಡರೆ ಅವರ ಸಾಧನೆಯ ಅರ್ಧ ಕತೆ ಮರೆಯಾಗುತ್ತದೆ. ಪತ್ರಿಕೆ, ಚಳವಳಿ, ಕೋರ್ಟು ಮೂರೂ ಸೇರಿ ಹದಗೊಳಿಸಿದ ಕಥನಕಲೆಗೆ ಸಂದ ಮನ್ನಣೆ ಇದು.

ಮನೆಯಲ್ಲಿ ದಖನಿ ಉರ್ದು ಕೇಳಿ ಬೆಳೆದ ಬಾನು ಶಿವಮೊಗ್ಗದ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತರು, ಬರವಣಿಗೆಗೆ ಕನ್ನಡವನ್ನೇ ಆರಿಸಿಕೊಂಡರು. 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಗೆ ವರದಿಗಾರ್ತಿಯಾಗಿದ್ದರು; ಬಂಡಾಯ ಸಾಹಿತ್ಯ ಚಳವಳಿಯ ಒಡನಾಟವಿತ್ತು; ಮುಂದೆ ವಕೀಲಿಕೆಗೆ ಇಳಿದರು. ಪತ್ರಿಕೆಯ ದಾರಿಯಲ್ಲಿ ಸಾಹಿತ್ಯಕ್ಕೆ ಬರುವುದು ಕನ್ನಡಕ್ಕೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ ಸೀಮೆಯ ಬಸವರಾಜ ಕಟ್ಟೀಮನಿ (1919–1989) ಪತ್ರಿಕಾಲೋಕವನ್ನೇ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಗೆ ವಸ್ತುವಾಗಿಸಿದರು. ಬಾನು ಪತ್ರಕರ್ತರ ಅದೇ ನಿಷ್ಠುರ ನೋಟವನ್ನು ಅಡುಗೆಮನೆ, ಹೆರಿಗೆ, ತಲಾಖ್‌ಗಳ ಕಡೆ ತಿರುಗಿಸಿದರು. ಮಸೀದಿ ಪ್ರವೇಶ ಮಹಿಳೆಯರ ಹಕ್ಕೆಂದು ವಾದಿಸಿದ್ದಕ್ಕೆ 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಆದರೂ ಬರೆಯುವುದನ್ನು ಬಿಡಲಿಲ್ಲ.

ಪ್ರಶಸ್ತಿ ಸಂದದ್ದು ವಸ್ತುವಿಗೆ, ಕಲೆಗಲ್ಲ ಎಂಬ ಆಕ್ಷೇಪವುಂಟು. ಕತೆಗಳನ್ನು ಓದಿದರೆ ಅದು ನಿಲ್ಲುವುದಿಲ್ಲ. ‘ಎದೆಯ ಹಣತೆ’ ಕತೆಯಲ್ಲಿ ಗಂಡನಿಂದ ನೊಂದ ಮೆಹರುನ್ ತವರಿಗೆ ಬಂದರೆ, ತವರಿನವರು ಅವಳನ್ನು ಗಂಡನ ಮನೆಗೇ ಮರಳಿ ಬಿಡುತ್ತಾರೆ. ಸೀಮೆಎಣ್ಣೆ ಸುರಿದುಕೊಂಡ ಅವಳನ್ನು ತಡೆಯುವುದು ಕಾನೂನೂ ಅಲ್ಲ, ಉಪದೇಶವೂ ಅಲ್ಲ. ಹಿರಿಮಗಳು ಸಲ್ಮಾಳ ಗೋಗರೆತ. ‘ಕರಿ ನಾಗರಗಳು’ ಕತೆಯಲ್ಲಿ ರೋಗಿ ಮಗುವನ್ನು ಎತ್ತಿಕೊಂಡು ನ್ಯಾಯ ಬೇಡಿ ಮಸೀದಿಗೆ ಬಂದ ತಾಯಿಯನ್ನು ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಕಡೆಗಣಿಸುತ್ತಾನೆ, ಮಗು ಸಾಯುತ್ತದೆ. ಊರ ಹೆಂಗಸರು ಅವನಿಗೆ ಹಿಡಿಶಾಪ ಹಾಕುತ್ತಾರೆ. ಪತ್ರಿಕಾ ವರದಿಯಾಗಿದ್ದರೆ ತಪ್ಪಿತಸ್ಥನ ಹೆಸರು ಹೇಳಿ ಮುಗಿಯುತ್ತಿತ್ತು. ಕತೆ ಇಡೀ ಊರಿನ ಮೌನವನ್ನು ವಿಚಾರಣೆಗೆ ಎಳೆಯುತ್ತದೆ, ಓದುಗನನ್ನೂ ಬಿಡುವುದಿಲ್ಲ. ಒಂದೇ ಬಿಕ್ಕಟ್ಟನ್ನು ಹಿಡಿದು ಅದರ ತುದಿ ಮುಟ್ಟಿಸುವ ಈ ಬಗೆಗೆ ಸಣ್ಣಕತೆಯ ಅಳತೆಯೇ ತಕ್ಕದ್ದು.

ಇಂಗ್ಲಿಷ್ ಅನುವಾದವಿಲ್ಲದೆ ಬುಕರ್ ಎಲ್ಲಿತ್ತು ಎಂದು ಕೇಳುವವರೂ ಇದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 1990ರಿಂದ 2023ರವರೆಗಿನ ಬರಹದಿಂದ ಹನ್ನೆರಡು ಕತೆಗಳನ್ನು ಆಯ್ದು, ಅವುಗಳ ಆಡುಮಾತಿನ ಲಯವನ್ನು ಕಾಪಾಡಿದ್ದು ದೀಪಾ ಭಾಸ್ತಿ. ಬಹುಮಾನದ 50,000 ಪೌಂಡುಗಳೂ ಇಬ್ಬರಿಗೆ ಸಮನಾಗಿ ಹಂಚಿಕೆಯಾದವು. ಆದರೆ ಕನ್ನಡ ನಾಡು ಬಾನು ಅವರನ್ನು ಗುರುತಿಸಲು ಲಂಡನ್ನಿನ ಅಪ್ಪಣೆಗೆ ಕಾಯಲಿಲ್ಲ. ಕರ್ನಾಟಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ದಾನಚಿಂತಾಮಣಿ ಅತ್ತಿಮಬ್ಬೆ ಪ್ರಶಸ್ತಿ ಮೊದಲೇ ಸಂದಿದ್ದವು. ‘ಕರಿ ನಾಗರಗಳು’ ಆಧರಿಸಿ ಗಿರೀಶ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಚಿತ್ರ ಮಾಡಿದರು. ಅದರ ಅಭಿನಯಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅನುವಾದ ಈ ಕತೆಗಳಿಗೆ ಹೊಸ ಓದುಗರನ್ನು ತಂದಿತು. ಅವುಗಳ ಕಸುವು ಕನ್ನಡದಲ್ಲೇ ಕೂಡಿಬಂದದ್ದು. ಆದ್ದರಿಂದ ಬಾನು ಅವರ ಸಾಧನೆಯನ್ನು ತೂಗಬೇಕಾದವರು ಆಯ್ದ ಹನ್ನೆರಡಕ್ಕೇ ನಿಲ್ಲದೆ ಮೂಲ ಸಂಕಲನಗಳನ್ನು ಪೂರ್ತಿ ಓದಬೇಕು.